ಕೂಸಿನ ಬೆನ್ನಿನ ಗಂಟು

ಹುಟ್ಟಿದ ಕೂಸಿನ ಸೊಂಟದ ಮೇಲೆ ಗಂಟೋ ನೀರುಗುಳ್ಳೆಯೋ ಕಂಡರೆ ನಮ್ಮವರು ಗ್ರಹಣದ ದೋಷವೆನ್ನುತ್ತಾರೆ, ಬಾಣಂತಿಯನ್ನು ದೂರುತ್ತಾರೆ. ಎರಡೂ ತಪ್ಪು.

ಗರ್ಭಾಂಕುರವಾದ ಸುಮಾರು 28 ದಿನಗಳೊಳಗೆ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳಬೇಕು. ಮುಚ್ಚದೆ ಉಳಿದೆಡೆ ಬೆನ್ನೆಲುಬು ಸೀಳಾಗಿ, ಹುರಿಯ ಪೊರೆಯೋ ಹುರಿಯೋ ಹೊರಚಾಚಬಹುದು. ಆಗ ಕಾಲಿನ ಬಲವೂ ಮಲಮೂತ್ರದ ಹಿಡಿತವೂ ಕುಂದಬಹುದು. ತಲೆಯಲ್ಲಿ ನೀರು ತುಂಬಬಹುದು.

ಅಂತಹ ಗಂಟನ್ನು ಚುಚ್ಚಬೇಡಿ, ಸುಡಬೇಡಿ, ಎಣ್ಣೆ ತಿಕ್ಕಬೇಡಿ. ಶುಭ್ರವಾದ ಬಟ್ಟೆ ಮುಚ್ಚಿ, ಕೂಸನ್ನು ಮಗ್ಗುಲಾಗಿ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮೆಹದಿಪಟ್ಟಣಂನ ನಮಗೆ ರೆಡ್ ಹಿಲ್ಸಿನ ನಿಲೋಫರ್ ಸರ್ಕಾರಿ ಆಸ್ಪತ್ರೆ ದೂರವಲ್ಲ.

ತಡೆಯುವ ಉಪಾಯವೂ ಉಂಟು. 1930ರ ಸುಮಾರಿಗೆ ಮುಂಬಯಿಯ ಗಿರಣಿ ಕೆಲಸದ ಬಸುರಿಯರ ರಕ್ತಹೀನತೆಯನ್ನು ಶೋಧಿಸಿದ ಲೂಸಿ ವಿಲ್ಸ್ ಎಂಬ ವೈದ್ಯೆ ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡರು. ಆ ಶೋಧವೇ ಮುಂದೆ ಫೋಲಿಕ್ ಆಮ್ಲಕ್ಕೆ ದಾರಿಯಾಯಿತು. ಹಿಂದೆ ಇಂತಹ ಕೂಸನ್ನು ಹೆತ್ತಿದ್ದ ತಾಯಂದಿರಿಗೆ ಗರ್ಭ ನಿಲ್ಲುವ ಮೊದಲೇ ಇದನ್ನು ಕೊಟ್ಟಾಗ ದೋಷವು ನೂರಕ್ಕೆ 72ರಷ್ಟು ತಗ್ಗಿತೆಂದು 1991ರ ಪರೀಕ್ಷೆ ತೋರಿಸಿತು.

ಬಸಿರು ತಿಳಿಯುವಷ್ಟರಲ್ಲಿ ನಾಳ ಮುಚ್ಚುವ ಕಾಲ ಮುಗಿಯುತ್ತ ಬಂದಿರುತ್ತದೆ. ಆದುದರಿಂದ ಒಂದು ತಿಂಗಳು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಸಾಕು; ಹಿಂದೆ ಹೀಗಾಗಿದ್ದರೆ ಹೆಚ್ಚಿನ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಸಂಸಾರವನ್ನು ಊರಲ್ಲಿ ಬಿಟ್ಟು ಬಂದಿರುವ ಬಂಧುಗಳು ಈ ಮಾತನ್ನು ಮನೆಗೆ ಮರೆಯದೆ ತಿಳಿಸಲಿ.