ಬಿಲ್ಲಿನ ಕೊನೆಯ ಸಾಲು

ಕೆಲವು ತಿಂಗಳ ಹಿಂದೆ ನನ್ನ ಹೈಸ್ಕೂಲಿನ ಮೇಷ್ಟರನ್ನು ಒಂದು ಹೋಟೆಲಿಗೆ ಊಟಕ್ಕೆ ಕರೆದೊಯ್ದಿದ್ದೆ. ಬಿಲ್ಲು ಬಂತು. ಊಟದ ಬೆಲೆಯ ಕೆಳಗೆ ‘ಸೇವಾ ಶುಲ್ಕ ಶೇಕಡಾ 10’ ಎಂಬ ಸಾಲೊಂದು ತಣ್ಣಗೆ ಕುಳಿತಿತ್ತು. ವಿಚಾರಿಸಿದರೆ, “ಎಲ್ಲರೂ ಕೊಡುತ್ತಾರೆ, ಸಾರ್” ಎಂದರು. ಗುರುಗಳೆದುರು ಜಿಪುಣನೆನ್ನಿಸಿಕೊಳ್ಳಲು ಮನಸ್ಸಾಗದೆ ಕೊಟ್ಟು ಎದ್ದೆ. ಬೀದಿಗೆ ಬಂದ ಮೇಲೆ ಮೇಷ್ಟರು ಕೇಳಿದರು: “ಕೊಡಬೇಕಾಗಿಲ್ಲವೆಂದು ನಿನಗೆ ಗೊತ್ತಿತ್ತೇನೋ?” ಗೊತ್ತಿತ್ತು. “ಹಾಗಾದರೆ ದಾಕ್ಷಿಣ್ಯಕ್ಕೆ ಶೇಕಡಾ ಹತ್ತು ತೆತ್ತೆ ಅನ್ನು” ಎಂದು ನಕ್ಕರು. ಆ ನಗೆಯೇ ಈ ಮಾತುಗಳಿಗೆ ಪ್ರೇರಣೆ.

ಬೆಲೆ ಹೆಚ್ಚಾಯಿತೆಂಬುದು ಒಂದು ದೂರು. ಬೆಲೆಯನ್ನು ಮರೆಮಾಚಿದರೆಂಬುದು ಇನ್ನೊಂದು. ದೋಸೆಗೆ ಇಷ್ಟೇ ಬೆಲೆಯಿರಬೇಕೆಂದು ಗ್ರಾಹಕ ಕಾನೂನು ವಿಧಿಸುವುದಿಲ್ಲ. ಹೋಟೆಲಿನವರು ತಮಗೆ ತೋರಿದ ಬೆಲೆಯನ್ನು ದರಪಟ್ಟಿಯಲ್ಲಿ ಬರೆಯಬಹುದು, ಒಲ್ಲದವನು ಎದ್ದುಹೋಗಬಹುದು. ಆದರೆ ಪೊಟ್ಟಣದ ಮೇಲೆ ಅಚ್ಚಾದ, ಪಟ್ಟಿಯಲ್ಲಿ ತೋರಿಸಿದ ಅಥವಾ ಉಭಯರೂ ಒಪ್ಪಿದ ಬೆಲೆಯನ್ನು ಮೀರಿ ವಸೂಲು ಮಾಡಿದರೆ ದೂರು ಕೊಡಲು ಅದೇ ಸಾಕಾದ ಕಾರಣ. ಪೊಟ್ಟಣದ ಮೇಲಿನ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ‘ತೆರಿಗೆ ಬೇರೆ’ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ.

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನಕ್ಕೆ ಬಂದ 2019ರ ಕಾಯಿದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರಡಿ ರಚಿತವಾದ ಕೇಂದ್ರ ಪ್ರಾಧಿಕಾರವು, ಹೋಟೆಲಿನವರು ಸೇವಾ ಶುಲ್ಕವನ್ನು ತಾವಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು ಎಂದು 2022ರ ಜುಲೈ 4ರಂದು ಸೂಚಿಸಿತು. ಹೋಟೆಲುಗಳ ಸಂಘಗಳು ನ್ಯಾಯಾಲಯದ ಮೆಟ್ಟಿಲೇರಿದವು. ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಆ ಸೂಚನೆಯನ್ನೇ ಎತ್ತಿಹಿಡಿಯಿತು. ಬಡಿಸಿದವನಿಗೆ ಮನಸಾರೆ ಕೊಡುವ ಭಕ್ಷೀಸಿಗೆ ಮಾತ್ರ ಅಡ್ಡಿಯಿಲ್ಲ.

ಮೊಬೈಲಿನ ಅಂಗಡಿಯಲ್ಲಿ ಈ ಕೈಚಳಕ ಇನ್ನೂ ನಯವಾದುದು. ಮೊದಲು ಕಡಿಮೆ ಬೆಲೆ ತೋರಿಸಿ, ಹಣ ತೆರುವ ಘಳಿಗೆಯಲ್ಲಿ ಒಂದೊಂದೇ ಶುಲ್ಕವನ್ನು ಹನಿಸುವುದು. ಕೇಳದ ವಿಮೆಯನ್ನೋ ದಾನವನ್ನೋ ಸದ್ದಿಲ್ಲದೆ ಬುಟ್ಟಿಗೆ ಹಾಕುವುದು. ಇಂಥ 13 ಬಗೆಯ ವಂಚನೆಗಳನ್ನು 2023ರ ನವೆಂಬರ್ 30ರ ಮಾರ್ಗಸೂಚಿ ಹೆಸರಿಸಿ ನಿಷೇಧಿಸಿದೆ.

ಇಷ್ಟೆಲ್ಲ ಇದ್ದರೂ ಕಾನೂನು ತಾನಾಗಿ ನಮ್ಮ ಮೇಜಿನ ಬಳಿಗೆ ಬರುವುದಿಲ್ಲ. ಬಿಲ್ಲನ್ನು ಜೋಪಾನವಾಗಿಡಬೇಕು, ಬಾಯಿ ಬಿಟ್ಟು ಕೇಳಬೇಕು. ಫಲಿಸದಿದ್ದರೆ 1915 ಸಂಖ್ಯೆಯ ಸಹಾಯವಾಣಿಯುಂಟು. ಅದಕ್ಕೂ ಬಗ್ಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರೇ ಬೇಕೆಂಬ ಕಡ್ಡಾಯವಿಲ್ಲ. ತೆತ್ತ ಹಣ ಐದು ಲಕ್ಷ ರೂಪಾಯಿಗಳವರೆಗಿದ್ದರೆ ದೂರಿಗೆ ಶುಲ್ಕವೂ ಇಲ್ಲ.

ಕಳೆದ ವಾರ ಮೇಷ್ಟರನ್ನು ಮತ್ತೆ ಅದೇ ಹೋಟೆಲಿಗೆ ಕರೆದೊಯ್ದೆ. ಅದೇ ಸಾಲು. ಈ ಸಲ ತೆಗೆಯಿರೆಂದೆ. ಒಂದು ಕ್ಷಣ ನನ್ನ ಮುಖ ನೋಡಿ, ತೆಗೆದು ಬೇರೆ ಬಿಲ್ಲು ತಂದರು. ಹೊರಡುವಾಗ ಮೇಷ್ಟರು ತಮ್ಮ ಜೇಬಿನಿಂದ ಒಂದು ನೋಟು ತೆಗೆದು, ನಮಗೆ ಬಡಿಸಿದ ಹುಡುಗನ ಕೈಯಲ್ಲಿಟ್ಟರು.