ಜರೀನಾ: ಮನೆಯ ನಕ್ಷೆ, ದೇಶದ ಗೆರೆ

ದೇಶ ವಿಭಜನೆ ಎಂದರೆ ಕಣ್ಣ ಮುಂದೆ ಬರುವುದು ಎತ್ತಿನ ಗಾಡಿಗಳ ಸಾಲು, ರೈಲಿನ ಛಾವಣಿಯ ಮೇಲೆ ಕಿಕ್ಕಿರಿದ ಜನ, ಗಂಟುಮೂಟೆ ಹೊತ್ತ ಹೆಂಗಸರು. ಕಲಾವಿದೆ ಜರೀನಾ ಹಶ್ಮಿ 2001ರಲ್ಲಿ ಮಾಡಿದ ‘ಡಿವೈಡಿಂಗ್ ಲೈನ್’ ಎಂಬ ಮುದ್ರಣಚಿತ್ರದಲ್ಲಿ ಇವು ಯಾವುವೂ ಇಲ್ಲ. ಹಾಳೆಯ ಮೇಲಿನಿಂದ ಕೆಳಕ್ಕೆ ಸೊಟ್ಟಸೊಟ್ಟಗೆ ಇಳಿಯುವ ಒಂದು ಕಪ್ಪು ಗೆರೆ ಇದೆ. ಭಾರತ–ಪಾಕಿಸ್ತಾನದ ಗಡಿ ಅದು. ಊರಿನ ಹೆಸರಿಲ್ಲ, ನದಿಯಿಲ್ಲ, ಮನುಷ್ಯರಂತೂ ಇಲ್ಲವೇ ಇಲ್ಲ.

ಇದನ್ನು ಅಚ್ಚು ಹಾಕಿದ್ದು ಮರದ ಹಲಗೆಯಿಂದ. ಮರದಚ್ಚಿನಲ್ಲಿ ಮಸಿ ಹತ್ತುವುದು ಉಬ್ಬಿನಿಂತ ಭಾಗಕ್ಕೆ ಮಾತ್ರ. ಉಳಿಯಿಂದ ಕೆತ್ತಿ ತೆಗೆದ ಜಾಗ ಹಾಳೆಯ ಮೇಲೆ ಬಿಳಿಯಾಗಿಯೇ ಉಳಿಯುತ್ತದೆ. ಹಲಗೆಯಲ್ಲಿ ಗೆರೆ ಕೊರೆದರೆ ಬರುವುದು ಬಿಳಿ ಗೆರೆ. ಕಪ್ಪು ಗೆರೆಯೇ ಬೇಕೆಂದರೆ ಗೆರೆಯನ್ನು ಮುಟ್ಟದೆ ಅದರ ಎರಡೂ ಬದಿಯ ಮರವನ್ನು ಚೂರುಚೂರಾಗಿ ಹೆರೆದು ಹಾಕಬೇಕು. ಜರೀನಾ ಮಾಡಿದ್ದು ಅದನ್ನೇ. ಹೆರೆಯುವಾಗ ಅಲ್ಲಲ್ಲಿ ಉಳಿದುಕೊಂಡ ಸಿಪ್ಪೆಗಳಿಗೂ ಮಸಿ ಹತ್ತಿ, ಗೆರೆಯ ಆಚೀಚೆ ಸಣ್ಣ ಕಪ್ಪು ಚುಕ್ಕೆ, ಗೀಚುಗಳು ಮೂಡಿವೆ. ನೀಟಾಗಿ ಒರೆಸಿಬಿಡಬಹುದಿತ್ತು, ಆದರೆ ಹಾಗೆಯೇ ಬಿಟ್ಟಿದ್ದಾರೆ. ನೆಲವನ್ನು ಹೆರೆದು ಎಸೆದ ಮೇಲೆ ನಿಂತದ್ದು ಗಡಿ ಎಂಬುದನ್ನು ಚಿತ್ರ ಹೇಳುತ್ತಿಲ್ಲ, ಮಾಡಿ ತೋರಿಸುತ್ತಿದೆ. ನಿಜವಾದ ಗೆರೆಯನ್ನು ಎಳೆದ ಸಿರಿಲ್ ರಾಡ್‌ಕ್ಲಿಫ್ ಎಂಬ ಇಂಗ್ಲಿಷ್ ವಕೀಲರು ಭಾರತಕ್ಕೆ ಬಂದಿಳಿದದ್ದು 1947ರ ಜುಲೈ 8ಕ್ಕೆ. ಗೆರೆ ಪ್ರಕಟವಾದದ್ದು ಆಗಸ್ಟ್ 17ಕ್ಕೆ. ಹಲಗೆಯ ಮೇಲಿನ ಗೆರೆಗೆ ಸಿಕ್ಕಷ್ಟು ತಾಳ್ಮೆ ಅದಕ್ಕೆ ಸಿಕ್ಕಿರಲಾರದು.

ಜರೀನಾ ಹುಟ್ಟಿದ್ದು 1937ರಲ್ಲಿ, ಅಲಿಗಢದಲ್ಲಿ. ತಂದೆ ಅಲ್ಲಿನ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು. ಮಗಳು ಓದಿದ್ದು ಗಣಿತ. ವಿಭಜನೆಯಾದಾಗ ಅವರಿಗೆ ಹತ್ತು ವರ್ಷ, ಆದರೆ ಮನೆಯವರು ಆಗ ಅಲಿಗಢವನ್ನು ಶಾಶ್ವತವಾಗಿ ಬಿಡಲಿಲ್ಲ. ತಂದೆತಾಯಿ ಕರಾಚಿಗೆ ಹೊರಟದ್ದು 1959ರಲ್ಲಿ. ಅಷ್ಟರಲ್ಲಿ ಜರೀನಾಗೆ ರಾಜತಾಂತ್ರಿಕ ಅಧಿಕಾರಿಯೊಬ್ಬರ ಜೊತೆ ಮದುವೆಯಾಗಿ ಬ್ಯಾಂಕಾಕಿನಲ್ಲಿ ಸಂಸಾರ ಶುರುವಾಗಿತ್ತು. ವಲಸೆಯ ಕಥೆಗಳಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಸಂಗತಿ ಇದು: ಜರೀನಾ ತವರನ್ನು ಕಳೆದುಕೊಂಡದ್ದು ಮನೆ ಬಿಟ್ಟು ಓಡಿ ಅಲ್ಲ. ಅವರು ದೂರದಲ್ಲಿದ್ದಾಗ ತವರೇ ಗಡಿಯಾಚೆಗೆ ಹೋಯಿತು. ತವರಿಗೆ ಹೋಗುವ ಹೆಣ್ಣುಮಗಳು ಇನ್ನೊಂದು ದೇಶಕ್ಕೆ ವೀಸಾ ಕೇಳಬೇಕಾಯಿತು.

ಆಮೇಲೆ ಊರೂರು ಸುತ್ತಾಟ. 1960ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಸ್ಟ್ಯಾನ್ಲಿ ವಿಲಿಯಂ ಹೇಟರ್ ಅವರ ‘ಅಟೆಲಿಯೆ 17’ ಕಾರ್ಯಾಗಾರದಲ್ಲಿ ಮುದ್ರಣಕಲೆ ಕಲಿತರು, 1974ರಲ್ಲಿ ಟೋಕಿಯೊದಲ್ಲಿ ಮರದಚ್ಚು. ಕೊನೆಗೆ ನೆಲೆನಿಂತದ್ದು ನ್ಯೂಯಾರ್ಕಿನಲ್ಲಿ. ತಾವು ಬಾಳಿದ ಮನೆಗಳ ನಕ್ಷೆಗಳನ್ನೇ 1997ರಲ್ಲಿ ಎಚ್ಚಿಂಗ್ ಮುದ್ರಣಗಳ ಸರಣಿಯಾಗಿಸಿದರು. ಅಲಿಗಢದ ಮನೆಗೂ 1994ರಲ್ಲಿ ಇಂಥದ್ದೇ ಒಂದು ನಕ್ಷೆ ಮಾಡಿದ್ದರು. ‘ಫಾದರ್ಸ್ ಹೌಸ್ 1898–1994’ ಎಂದು ಅದರ ಹೆಸರು. ಮೊದಲ ನೋಟಕ್ಕೆ ಇವು ಪುರಸಭೆಯ ಕಡತದ ಕಾಗದದಂತೆ ಒಣಒಣ ಎನಿಸುತ್ತವೆ, ಸುಳ್ಳೇಕೆ. ಆದರೆ ಬಿಟ್ಟುಬಂದ ಮನೆಯನ್ನು ಯಾರನ್ನಾದರೂ ಕೇಳಿ ನೋಡಿ. ಗೋಡೆಯ ಬಣ್ಣ ಮರೆತಿರುತ್ತಾರೆ. ಅಡುಗೆಮನೆಯಿಂದ ಅಂಗಳಕ್ಕೆ ಯಾವ ಬಾಗಿಲು ದಾಟಬೇಕು ಎಂಬುದನ್ನು ಮರೆತಿರುವುದಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸುವುದು 2004ರ ‘ಲೆಟರ್ಸ್ ಫ್ರಮ್ ಹೋಮ್’. ಪಾಕಿಸ್ತಾನದಲ್ಲಿದ್ದ ಅಕ್ಕ ರಾಣಿ ತಂಗಿಗೆಂದು ಉರ್ದುವಿನಲ್ಲಿ ಕಾಗದ ಬರೆಯುತ್ತಿದ್ದರು: ಅಪ್ಪ ಅಮ್ಮ ತೀರಿಕೊಂಡದ್ದು, ಮನೆ ಮಾರಿದ್ದು, ತಂಗಿ ಜೊತೆಗಿಲ್ಲದ ಕೊರಗು. ಬರೆದವನ್ನು ಅಂಚೆಗೆ ಹಾಕಲಿಲ್ಲ. ಎಷ್ಟೋ ಕಾಲದ ಮೇಲೆ ಕೈಗೆ ಸಿಕ್ಕ ಆ ಕಾಗದಗಳಿಂದ ಜರೀನಾ ಎಂಟು ಮುದ್ರಣಗಳನ್ನು ಮಾಡಿದರು. ಅಕ್ಕನ ಕೈಬರಹವನ್ನು ಲೋಹದ ತಗಡಿಗೆ ಇಳಿಸಿ, ಅದರ ಜೊತೆಗೆ ಮನೆಯ ನಕ್ಷೆ, ಊರಿನ ನಕಾಶೆಗಳನ್ನು ಮರದಚ್ಚಿನಿಂದ ಒತ್ತಿದರು. ಕೆಲವು ಕಡೆ ಅಚ್ಚಿನ ಕಪ್ಪು ಸಾಲುಗಳನ್ನೇ ಮುಚ್ಚಿಬಿಡುತ್ತದೆ. ಉರ್ದು ಬಲ್ಲವರಿಗೂ ಕಾಗದ ಪೂರ್ತಿ ಓದಲು ಸಿಗುವುದಿಲ್ಲ. ಅಕ್ಕತಂಗಿಯರ ಮಾತು ಅಷ್ಟರಮಟ್ಟಿಗೆ ಅವರಲ್ಲೇ ಉಳಿಯಿತು.

ತಮ್ಮ ನೋವನ್ನಷ್ಟೇ ಅರೆಯುತ್ತ ಕೂತವರೂ ಅಲ್ಲ. 2003ರಲ್ಲಿ ಹಿಂಸೆಗೆ ಸಿಕ್ಕಿದ ಒಂಬತ್ತು ನಗರಗಳ ನಕಾಶೆಗಳನ್ನು ಕೆತ್ತಿದರು. ಸರಾಯೆವೊ, ಸ್ರೆಬ್ರೆನಿತ್ಸಾ, ಬಾಗ್ದಾದ್, ಕಾಬೂಲ್‌ಗಳ ಸಾಲಿನಲ್ಲಿ ಅಹಮದಾಬಾದನ್ನೂ ಇಟ್ಟರು. 2002ರ ಗಲಭೆಗಳಾಗಿ ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ನ್ಯೂಯಾರ್ಕ್ ಕೂಡ ಆ ಸಾಲಿನಲ್ಲಿದೆ. ಆದರೆ ಅದಕ್ಕೆ ನಕಾಶೆಯಿಲ್ಲ, ಪಕ್ಕಪಕ್ಕದಲ್ಲಿ ನೆಟ್ಟಗೆ ನಿಂತ ಎರಡು ಗೆರೆಗಳಿವೆ.

2011ರ ವೆನಿಸ್ ಬಿಯೆನಾಲೆ ಕಲಾಪ್ರದರ್ಶನದಲ್ಲಿ ಭಾರತ ತೆರೆದ ರಾಷ್ಟ್ರೀಯ ಮಂಟಪದಲ್ಲಿ ಕೃತಿಗಳನ್ನಿಟ್ಟ ಕಲಾವಿದರಲ್ಲಿ ನ್ಯೂಯಾರ್ಕ್ ವಾಸಿ ಜರೀನಾ ಒಬ್ಬರು. 2013ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಅವರ ಇಡೀ ಬಾಳಿನ ಕೆಲಸವನ್ನು ಒಟ್ಟಿಗೆ ತೋರಿಸಿತು. ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಲಂಡನ್ನಿನಲ್ಲಿ.