ಆಂಗ್ಲ ಲೇಖನಚಿಹ್ನೆಗಳಿಗೆ ಅಂತರಜಾಲದ ನೆರವು
ಕನ್ನಡದಲ್ಲಿ ಅನ್ಯರ ಮಾತು ಎಲ್ಲಿಗೆ ಮುಗಿಯಿತೆಂಬುದನ್ನು ‘ಎಂದು’ ಎಂಬ ಅವ್ಯಯವೇ ತಿಳಿಸುವುದು. ಆಂಗ್ಲಭಾಷೆಯಲ್ಲಿ ಆ ಭಾರವನ್ನು ಉದ್ಧರಣ ಚಿಹ್ನೆಗಳು ಹೊರಬೇಕು. ನಮ್ಮ ವಿದ್ಯಾರ್ಥಿಗಳು ಎಡವುವುದೂ ಅಲ್ಲಿಯೇ. ಮನೆಯಲ್ಲಿ ಆಂಗ್ಲ ಬಲ್ಲವರಿಲ್ಲದ ಬಾಲಕನು ಯಾರನ್ನು ಕೇಳಬೇಕು? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ‘ಆನ್‌ಲೈನ್ ರೈಟಿಂಗ್ ಲ್ಯಾಬ್’ 1994ರಿಂದ ಅಂತರಜಾಲದಲ್ಲಿದೆ. ಅಲ್ಲಿ ವ್ಯಾಕರಣದ ನಿಯಮಗಳೂ ಉದಾಹರಣೆಗಳೂ ಉಚಿತವಾಗಿ ದೊರೆಯುವುವು.

ಆದರೆ ಅಲ್ಲಿಯದು ಅಮೆರಿಕದ ರೂಢಿ. ಉದ್ಧೃತ ಪದದ ಬಳಿಯ ಅಲ್ಪವಿರಾಮವನ್ನು ಅವರು ಚಿಹ್ನೆಯ ಒಳಗಿಡುವರು. ಬ್ರಿಟಿಷ್ ರೂಢಿಯಲ್ಲಿ, ಅದು ಉದ್ಧೃತ ಮಾತಿಗೆ ಸೇರದಿದ್ದರೆ, ಹೊರಗೆ ನಿಲ್ಲುವುದು. ನಮ್ಮ ಶಾಲೆಗಳಲ್ಲಿ ನಡೆದುಬಂದುದು ಬ್ರಿಟಿಷ್ ರೂಢಿ. (ಎರಡನ್ನೂ ಬೆರೆಸಿದ ಉತ್ತರಪತ್ರಿಕೆಯನ್ನು ತಿದ್ದುವವರ ಕಷ್ಟವನ್ನು ಹೇಳತೀರದು!) ಹುಡುಕುವಾಗ ಪ್ರಶ್ನೆಯೊಡನೆ ‘ಬ್ರಿಟಿಷ್’ ಎಂಬ ಪದವನ್ನೂ ಸೇರಿಸಿದರೆ ಬೇಕಾದ ಉತ್ತರವು ಬೇಗನೆ ಸಿಗುವುದು.